ಶುಭ ಶುಕ್ರವಾರದ ಗ್ರಹಣ

ನಮ್ಮಪ್ಪನಿಗೆ ಬೈಬಲಿನ ಆಕಾಶದ ಹುಚ್ಚು. ಹಾಸನದಾಚೆಯ ಒಂದು ಸಣ್ಣ ಊರಿನಲ್ಲಿ ಅವರು ಸಭೆಯ ಉಪದೇಶಿ. ಪಾದ್ರಿಗಳು ಬಾರದ ಭಾನುವಾರಗಳಲ್ಲಿ ಪ್ರಸಂಗ ಮಾಡುವುದು ಅವರ ಕೆಲಸ. ಪಾಪ, ಪಶ್ಚಾತ್ತಾಪದ ಬಗ್ಗೆ ಮಾತಾಡಿ ಎಂದು ಹಿರಿಯರು ಹೇಳಿದರೆ ಇವರು ಗುರು, ಶನಿ, ಗ್ರಹಣ ಎಂದು ಶುರುಮಾಡುತ್ತಿದ್ದರು. ಯೆಹೋಶುವನ ಯುದ್ಧದ ದಿನ ಸೂರ್ಯ ನಿಂತ ಎಂದು ಬೈಬಲಿನಲ್ಲಿದೆಯಲ್ಲ, ನಿಂತದ್ದು ಸೂರ್ಯನ ಓಟವಲ್ಲ, ಸೂರ್ಯನ ಬೆಳಕು, ಅದು ಗ್ರಹಣವೇ ಇರಬೇಕು ಎನ್ನುತ್ತಿದ್ದರು. ಯೇಸು ಹುಟ್ಟಿದಾಗ ಕಂಡ ಬೇತ್ಲೆಹೇಮಿನ ನಕ್ಷತ್ರವಂತೂ ಅವರ ಪ್ರಕಾರ ನಕ್ಷತ್ರವೇ ಅಲ್ಲ; ಗುರು ಮತ್ತು ಶನಿ ಕೆಲವೇ ತಿಂಗಳ ಒಳಗೆ ಮೂರು ಸಲ ಹತ್ತಿರ ಬಂದದ್ದು.

"ಊರಿನವರಿಗೆ ಕಾಣದ್ದು ಮೂಡಣ ದೇಶದ ಜೋಯಿಸರಿಗೆ ಯಾಕೆ ಕಂಡಿತು? ಅವರು ಲೆಕ್ಕ ಹಾಕ್ತಿದ್ದರು. ನಕ್ಷತ್ರ ನಿಂತಿತು ಅಂದ್ರೆ ಏನು? ಗ್ರಹ ವಕ್ರ ಆಗೋ ಮುಂಚೆ ನಿಂತ ಹಾಗೆ ಕಾಣುತ್ತಲ್ಲ, ಅದೇ!"

ಹಿರಿಯರು ಗಡಿಯಾರ ನೋಡಿಕೊಳ್ಳುತ್ತಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆ. ಅವರ ಪ್ರಸಂಗಗಳನ್ನು ಪೂರ್ತಿ ಕೇಳಿದವನು ಇಡೀ ಸಭೆಯಲ್ಲಿ ನಾನೊಬ್ಬನೇ ಇರಬೇಕು.

ಒಂದು ವಿಷಯ ಮಾತ್ರ ಅವರ ಕೈಗೆ ಸಿಕ್ಕಿರಲಿಲ್ಲ. ಯೇಸು ಶಿಲುಬೆಯ ಮೇಲಿದ್ದಾಗ ನಡುಹಗಲಿನಿಂದ ಮೂರು ಗಂಟೆಯವರೆಗೆ ಕವಿದ ಕತ್ತಲೆ. ಗ್ರಹಣ ಎನ್ನೋಣ ಎಂದರೆ ಅದು ಯೆಹೂದ್ಯರ ಪಸ್ಕ ಹಬ್ಬದ ಕಾಲ. ಪಸ್ಕ ಬರುವುದು ಹುಣ್ಣಿಮೆಗೆ, ಸೂರ್ಯನಿಗೆ ಗ್ರಹಣ ಹಿಡಿಯುವುದು ಅಮಾವಾಸ್ಯೆಗೆ. ಸಾಲದ್ದಕ್ಕೆ ಯಾವ ಗ್ರಹಣದ ಕತ್ತಲೆಯೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಮರಳುಗಾಳಿ ಇರಬಹುದು ಎನ್ನುತ್ತಿದ್ದರು. ಅದಲ್ಲ, ಆ ಸಂಜೆ ಚಂದ್ರನಿಗೇ ಗ್ರಹಣ ಹಿಡಿದು ಕೆಂಪಗೆ ಮೂಡಿರಬಹುದು ಎನ್ನುತ್ತಿದ್ದರು. ಯಾವುದೂ ಅವರಿಗೇ ಒಪ್ಪಿಗೆಯಾಗುತ್ತಿರಲಿಲ್ಲ. "ಅದೊಂದನ್ನ ಹಾಗೇ ಬಿಡು, ಅವತ್ತು ಕತ್ತಲಾಗಲೇಬೇಕಿತ್ತು" ಎಂದು ಎದ್ದು ಹೋಗುತ್ತಿದ್ದರು.

ನಾನು ವಿಜ್ಞಾನದ ಮೇಷ್ಟ್ರಾಗಿ ದಂಡಿನಶಿವರದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಬಂದೆ. ಬಾಡಿಗೆಗೆ ಸಿಕ್ಕಿದ್ದು ತೋಟದವರೊಬ್ಬರ ಮನೆಯ ಮುಂದಿನ ಕೋಣೆ. ತಲೆಯ ಮೇಲಿನ ಅಟ್ಟದ ತುಂಬ ಕೊಬ್ಬರಿಯಾಗಲೆಂದು ಇಟ್ಟ ತೆಂಗಿನಕಾಯಿ. ಆಗಾಗ ಯಾರಾದರೂ ಅಟ್ಟ ಹತ್ತಿ, ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ನೀರು ಇಂಗಿದೆಯೋ ಇಲ್ಲವೋ ಎಂದು ವಿಚಾರಿಸಿಕೊಂಡು ಇಳಿದುಹೋಗುತ್ತಿದ್ದರು. ಕೆಳಗಿದ್ದ ನನ್ನನ್ನು ಅಷ್ಟು ವಿಚಾರಿಸಿಕೊಂಡವರಿಲ್ಲ. ಆ ಊರಿಗೆಲ್ಲ ನಾನೊಬ್ಬನೇ ಕ್ರಿಶ್ಚಿಯನ್. ಯಾರೂ ಕೆಟ್ಟದಾಗಿ ನಡೆಸಿಕೊಳ್ಳಲಿಲ್ಲ, ಅದನ್ನು ಹೇಳಲೇಬೇಕು. ಎದುರಾದವರೆಲ್ಲ "ನಮಸ್ಕಾರ ಮೇಷ್ಟ್ರೇ" ಎಂದು ಕೈಮುಗಿದು, ಮುಂದೆ ಹೋಗಿಬಿಡುತ್ತಿದ್ದರು. ಮರ್ಯಾದೆ ಬೇಕಾದಷ್ಟಿತ್ತು, ಮಾತಿಗೆ ಜನ ಇರಲಿಲ್ಲ.

ಮನೆಯೊಡತಿ ಐವತ್ತು ದಾಟಿದ ವಿಧವೆ. ಮಗ ಸೊಸೆಯ ಮೇಲೆ, ದನಗಳ ಮೇಲೆ, ತೋಟದ ಆಳುಗಳ ಮೇಲೆ ಒಂದೇ ಗಂಟಲಿನಲ್ಲಿ ಅಧಿಕಾರ ನಡೆಸುತ್ತಿದ್ದ ಹೆಂಗಸು. ನಾನು ಅವ್ವ ಎನ್ನುತ್ತಿದ್ದೆ. ಎಂಬತ್ತರ ಫೆಬ್ರವರಿಯ ಸೂರ್ಯಗ್ರಹಣದ ದಿನ ಊರೆಲ್ಲ ಬಾಗಿಲು ಹಾಕಿಕೊಂಡಿದ್ದರೆ ನಾನು ಅಂಗಳದಲ್ಲಿ ರಟ್ಟಿಗೆ ತೂತು ಮಾಡಿ, ನೆಲದ ಮೇಲೆ ಬೀಳುವ ಸೂರ್ಯನನ್ನು ನೋಡುತ್ತ ಕೂತಿದ್ದೆ. ರಟ್ಟೇ ಬೇಕಿರಲಿಲ್ಲ. ತೆಂಗಿನ ಗರಿಗಳ ಸಂದಿನಿಂದ ಬಿದ್ದ ಬೆಳಕಿನ ಚುಕ್ಕಿಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿದ್ದವು.

"ಒಳಿಕ್ ಬನ್ನಿ ಮೇಷ್ಟ್ರೇ! ಕಣ್ಣು ಕಳ್ಕಬೇಕು ಅಂತ ಮಾಡಿದೀರಾ?" ಎಂದು ಅವ್ವ ಬಾಗಿಲ ಹಿಂದಿನಿಂದ ಕೂಗುತ್ತಲೇ ಇದ್ದರು. ಗ್ರಹಣ ಬಿಟ್ಟ ಮೇಲೆ ಮನೆ ತೊಳೆದು, ತಲೆಗೆ ನೀರು ಹಾಕಿಕೊಂಡು ಬಂದು, "ನಿಮ್ಮ ಜನದಾಗೆ ಗ್ರಾಣಗೀಣ ಏನೂ ಇಲ್ವಾ?" ಎಂದು ಕೇಳಿದರು. ಆ ಊರಿನಲ್ಲಿ ನನ್ನನ್ನು ನನ್ನ ಬಗ್ಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಶಿಲುಬೆಯ ಕತೆ, ನಡುಹಗಲ ಕತ್ತಲೆಯ ಕತೆ, ಮೂರನೆಯ ದಿನ ಯೇಸು ಎದ್ದು ಬಂದ ಕತೆ ಹೇಳಿದೆ. ಅದು ಗ್ರಹಣವಲ್ಲ, ಯಾಕೆಂದರೆ ಹುಣ್ಣಿಮೆಯ ಕಾಲ ಎಂದು ಅಪ್ಪನ ವಾದವನ್ನೂ ಒಪ್ಪಿಸಿದೆ.

"ಹುಣ್ಣಿಮೆ ಆದ್ರೇನು, ಅಮಾಸೆ ಆದ್ರೇನು ಬುಡಿ. ಹೊತ್ತು ಮುಚ್ಕಂಡ್ತು ಅಂದ್ಮ್ಯಾಲೆ ಗ್ರಾಣವೇಯ. ಯಾವತ್ ಬತ್ತದೆ ಅದು?"

ಶುಭ ಶುಕ್ರವಾರ, ಸ್ಕೂಲಿಗೆ ರಜೆ ಇರುತ್ತದೆ ಎಂದೆ. ಆ ಸಲ ಅದೇ ರಜೆಗೆ ಊರಿಗೆ ಹೋದಾಗ ಇದನ್ನು ಅಪ್ಪನಿಗೆ ಹೇಳಿದರೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾನು ಇಷ್ಟು ವರ್ಷ ತಲೆ ಕೆಡಿಸಿಕೊಂಡಿದ್ದನ್ನ ಆಯಮ್ಮ ಒಂದೇ ಮಾತಲ್ಲಿ ಮುಗಿಸಿಬಿಟ್ಟಳಲ್ಲೋ!"

ಆ ವರ್ಷದ ಕ್ರಿಸ್ಮಸ್ ರಜೆಯಲ್ಲಿ ಗುರು, ಶನಿ ಮತ್ತೆ ಹತ್ತಿರ ಬಂದಿದ್ದವು. ಅಪ್ಪ ಇದಕ್ಕಾಗಿ ವರ್ಷಗಟ್ಟಲೆ ಕಾದಿದ್ದರು. ಕ್ರಿಸ್ತ ಹುಟ್ಟಿದ ಕಾಲದಲ್ಲಿ ಆದ ಹಾಗೆ ಈ ಸಲವೂ ಮೂರು ಬಾರಿ. ಬೆಳಗಿನ ಚಳಿಯಲ್ಲಿ ಕಂಬಳಿ ಹೊದ್ದು ಇಬ್ಬರೂ ನಿಂತು ನೋಡಿದೆವು. "ಇನ್ನು ಮಾರ್ಚಿನಲ್ಲಿ. ನೀನು ಅಲ್ಲಿಂದ ನೋಡು, ನಾನು ಇಲ್ಲಿಂದ ನೋಡ್ತೀನಿ" ಎಂದರು. ಫೆಬ್ರವರಿಯಲ್ಲಿ ಸ್ಕೂಲಿಗೆ ತಂತಿ ಬಂತು, ತಂದೆಗೆ ಕಾಯಿಲೆ ಜೋರು ಎಂದು. ನಾನು ಹೋಗುವಷ್ಟರಲ್ಲಿ ಅವರು ಇರಲಿಲ್ಲ. ಸಭೆಯವರು ಕೀರ್ತನೆ ಹಾಡಿ ಮಣ್ಣು ಮಾಡಿದರು.

ನಾನು ತಿರುಗಿ ಬಂದೆ. ಈ ಸೀಮೆಯಲ್ಲಿ ಅಪ್ಪ ಸತ್ತವನು ಬಾಯಿ ಬಿಟ್ಟು ಹೇಳಬೇಕಾಗಿಲ್ಲ. ತಲೆ ಬೋಳಿಸಿ, ಮೀಸೆ ತೆಗೆಸಿಕೊಂಡು ಬಂದಿರುತ್ತಾನೆ. ಬಸ್ಸಿಳಿಯುತ್ತಲೇ ಜನ ಸುತ್ತುವರಿದು ಏನಾಯ್ತು, ಹೆಂಗಾಯ್ತು ಎಂದು ಕೇಳುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ನನ್ನ ತಲೆಯ ತುಂಬ ಕೂದಲಿತ್ತು. ಹೆಡ್ಮೇಷ್ಟ್ರು ಒಮ್ಮೆ ನನ್ನ ತಲೆ ನೋಡಿ, "ಸದ್ಯ, ಗಂಡಾಂತರ ಕಳೀತಲ್ಲ ಬಿಡಿ" ಎಂದು ಕ್ಲಾಸಿಗೆ ನಡೆದರು. ಅವ್ವ ಒಳಗಿನಿಂದಲೇ, "ಅಪ್ಪಾರು ಹುಷಾರಾದ್ರಲ್ಲ, ದ್ಯಾವ್ರು ದೊಡ್ಡೋನು ಬುಡಿ" ಎಂದರು. ಪ್ರಶ್ನೆ ಕೇಳಿದ್ದರೆ ಉತ್ತರ ಹೇಳುತ್ತಿದ್ದೆ. ಅವರವರೇ ಉತ್ತರ ಹೇಳಿಕೊಂಡು ಸಂತೋಷಪಟ್ಟು ಹೋದವರನ್ನು ಹಿಂದಿನಿಂದ ಕರೆದು, ಇಲ್ಲ, ಸತ್ತುಹೋದರು ಎನ್ನಲು ನನಗೆ ಬಾಯಿ ಬರಲಿಲ್ಲ. ದಿನ ಕಳೆದಂತೆ ಅದು ಇನ್ನೂ ಕಷ್ಟವಾಯಿತು. ಇಡೀ ಊರಿಗೆ ನಮ್ಮಪ್ಪ ಬದುಕಿದ್ದರು, ನನ್ನ ಕೋಣೆಯಲ್ಲಿ ಮಾತ್ರ ಸತ್ತಿದ್ದರು. ಅಷ್ಟು ಒಂಟಿತನವನ್ನು ನಾನು ಆಮೇಲೆ ಎಂದೂ ಅನುಭವಿಸಿಲ್ಲ.

ಮಾರ್ಚಿನಲ್ಲಿ ಗುರು, ಶನಿ ಸಂಜೆಯಾದ ಮೇಲೆ ಪೂರ್ವದ ತೆಂಗಿನ ತಲೆಗಳ ಮೇಲೆ ಜೊತೆಯಾಗಿ ಏಳತೊಡಗಿದವು. ಎಷ್ಟು ಚೆನ್ನಾಗಿ ಕಾಣುತ್ತಿದ್ದವೆಂದರೆ ನನಗೆ ಸಿಟ್ಟು ಬಂತು. ಬಾಗಿಲು ಹಾಕಿಕೊಂಡು ಮಲಗಿದೆ.

ಏಪ್ರಿಲಿನಲ್ಲಿ ಶುಭ ಶುಕ್ರವಾರ ಬಂತು. ಬಸ್ಸು ಹತ್ತಿ ತಿಪಟೂರಿಗೆ ಹೋಗಿ ಪ್ರಾರ್ಥನೆಗೆ ಕೂರಬಹುದಿತ್ತು. ಆ ಕತ್ತಲೆಯ ಬಗ್ಗೆ ಇನ್ನೊಬ್ಬರು ಪ್ರಸಂಗ ಮಾಡುವುದನ್ನು ಕೇಳಲು ಮನಸ್ಸಾಗಲಿಲ್ಲ. ಊಟ ಬಿಟ್ಟು ಕೋಣೆಯಲ್ಲೇ ಉಳಿದೆ. ಹೊರಗೆ ಸುಡುವ ಬಿಸಿಲು. ಮನೆಯೊಳಗೆ ಅವತ್ತು ಯಾಕೋ ಒಲೆಯ ಸದ್ದಿಲ್ಲ, ಪಾತ್ರೆಯ ಸದ್ದಿಲ್ಲ. ಎಲ್ಲರೂ ಎಲ್ಲೋ ಹೋಗಿರಬೇಕು ಎಂದುಕೊಂಡೆ.

ಮೂರು ಗಂಟೆ ಕಳೆದಿತ್ತು. ಬಾಗಿಲ ಹೊರಗೆ ಅವ್ವನ ದನಿ ಕೇಳಿಸಿತು.

"ಮೇಷ್ಟ್ರೇ, ಬುಡ್ತಾ?"

"ಏನವ್ವ?"

"ನಿಮ್ಮ ಗ್ರಾಣ. ಬುಡ್ತಾ ಇಲ್ಲ ಇನ್ನೂ ಐತಾ? ಬುಟ್ಟಿದ್ರೆ ನೀರು ಚೆಲ್ತೀನಿ."

ಬಾಗಿಲು ತೆಗೆದೆ. ನಡುಮನೆಯ ಕೊಡಗಳ ಬಾಯಿಗೆ, ಉಪ್ಪಿನಕಾಯಿ ಜಾಡಿಗೆ, ಹಾಲಿನ ಪಾತ್ರೆಗೆ ಗರಿಕೆ ಹಾಕಿತ್ತು. ಒಲೆ ತಣ್ಣಗಿತ್ತು. ಬೆಳಗಿನಿಂದ ಅವ್ವ ಒಂದು ಗುಟುಕು ನೀರು ಕುಡಿದಿರಲಿಲ್ಲ. ಮಗ ಸೊಸೆಗೂ ಹೊತ್ತೇರುವ ಮೊದಲೇ ಉಣ್ಣಿಸಿ ಮುಗಿಸಿದ್ದರು. ಹೊರಗೆ ಸೂರ್ಯ ನಿಗಿನಿಗಿ ಉರಿಯುತ್ತಿದ್ದ. ಒಳಗೆ, ಎಲ್ಲೋ ಯಾವ ಕಾಲದಲ್ಲೋ ಕವಿದ ಕತ್ತಲೆಗೆ ಈ ಹೆಂಗಸು ಉಪವಾಸ ಕೂತಿದ್ದರು.

"ಬಿಟ್ಟಿತವ್ವ" ಎಂದೆ.

"ಹಂಗಾದ್ರೆ ತಲೆ ಮ್ಯಾಲೆ ನೀರು ಹುಯ್ಕಂಡು ಬನ್ನಿ. ಬಿಸಿ ಅನ್ನ ಮಾಡ್ತೀನಿ."

ನನಗೆ ನಗು ಬಂತು. ನಿಜವಾಗಿಯೂ ನಕ್ಕೆ. ಇದನ್ನು ಅಪ್ಪನಿಗೆ ಹೇಳಬೇಕು, ಈ ಸಲ ಊರಿಗೆ ಹೋದ ತಕ್ಷಣ ಹೇಳಬೇಕು ಎಂದುಕೊಂಡೆ. ಆಮೇಲೆ ನೆನಪಾಯಿತು. ನಗುತ್ತಿದ್ದವನು ಕಣ್ಣೊರೆಸಿಕೊಳ್ಳತೊಡಗಿದೆ.

"ಅಯ್ಯೋ, ಅಳ್ಬ್ಯಾಡಿ ಮೇಷ್ಟ್ರೇ. ನಿಮ್ಮ ದ್ಯಾವ್ರು ಎದ್ದು ಬತ್ತಾನೆ ಅಂತ ನೀವೇ ಹೇಳಿದ್ರಲ್ಲ."

"ದೇವರಲ್ಲ ಅವ್ವ. ನಮ್ಮಪ್ಪ. ಫೆಬ್ರವರಿಯಲ್ಲೇ ತೀರಿಕೊಂಡರು."

ಅವ್ವ ನನ್ನ ಕೂದಲನ್ನೇ ನೋಡಿದರು. ಅವರ ಕೈ ತಾನಾಗಿ ನನ್ನ ತಲೆಯ ಮೇಲೆ ಬಂತು.

"ತಲೆ ತೆಗ್ಸಿಲ್ವಲ್ಲೋ ಮಗಾ... ನಮ್ಗೆ ಹೆಂಗೆ ಗೊತ್ತಾಗ್ಬೇಕು ಕಣಪ್ಪ?"

ಮೊದಲ ಬಾರಿ ಅವರು ನನ್ನನ್ನು ಏಕವಚನದಲ್ಲಿ ಕರೆದರು. ಮಾತಾಡುತ್ತಲೇ ಹೊಸ್ತಿಲ ಮೇಲೆ ಕುಸಿದು ಕೂತು, ಎದೆ ಬಡಿದುಕೊಂಡು, ಬೀದಿಗೆಲ್ಲ ಕೇಳುವಂತೆ ದನಿ ತೆಗೆದು ಅಳತೊಡಗಿದರು. ಒಂದು ದಿನವೂ ಕಣ್ಣಿಂದ ನೋಡದ ಮನುಷ್ಯನಿಗಾಗಿ, ಮಗನ್ನ ಒಂಟಿ ಮಾಡಿ ಎಲ್ಲಿಗೆ ಹೋದ್ಯಪ್ಪೋ ಎಂದು. ಅಕ್ಕಪಕ್ಕದ ಹೆಂಗಸರು ಯಾರು, ಏನು ಎಂದು ಓಡಿ ಬಂದರು. "ನಮ್ಮ ಮೇಷ್ಟ್ರ ಅಪ್ಪ ಹೋಗ್ಬುಟ್ರು ಕಣ್ರೇ" ಎಂದರು ಅವ್ವ. ಬಂದವರು ಕೂತು ಅವರ ದನಿಗೆ ದನಿ ಸೇರಿಸಿದರು.

ನಡುವೆ ಅವ್ವ ಅಳು ನಿಲ್ಲಿಸಿ, ಮುಖ ಒರೆಸಿಕೊಂಡು, ಮೆಲ್ಲಗೆ ಕೇಳಿದರು: "ಹೆಸರೇನಪ್ಪ, ನಿಮ್ಮಪ್ಪಂದು? ಹೆಸರು ಹಿಡಿದು ಅಳ್ಬೇಕು."

ಹೇಳಿದೆ. ಆ ಊರಿನವರು ಕೇಳದ ಹೆಸರು. ಮೊದಲ ಸಲ ಅವ್ವನ ನಾಲಿಗೆ ತೊಡರಿತು. ಇನ್ನೊಮ್ಮೆ ಹೇಳಿಸಿಕೊಂಡು, ಸರಿಯಾಗಿ ಹಿಡಿದು, ಆ ಸುಡುಬಿಸಿಲಿನ ಬೀದಿಗೆ ನಮ್ಮಪ್ಪನ ಹೆಸರನ್ನು ಕೂಗಿ ಅತ್ತರು. ನಾನು ಗೋಡೆಗೆ ಒರಗಿ ನಿಂತು, ಅಪ್ಪ ಸತ್ತ ಮೇಲೆ ಮೊದಲ ಬಾರಿ, ಗಟ್ಟಿಯಾಗಿ ಅತ್ತೆ.