ಒಂದು ಒತ್ತಿಗೆ ನಲವತ್ತು ವರ್ಷ

ಕಳೆದ ವಾರ ಕೂತಲ್ಲೇ ನಲವತ್ತು ವರ್ಷ ಕಳೆದೆ. ಕೈಯಲ್ಲಿದ್ದ ಚಹಾ ಇನ್ನೂ ಆರಿರಲಿಲ್ಲ.

ಹುಕ್ಕೇರಿಯಿಂದ ನನ್ನ ಮಗಳ ಮಗಳು ಪಲ್ಲವಿ ರಜೆಗೆ ಬಂದಿದ್ದಾಳೆ. ಬಿ.ಎ.ದಲ್ಲಿ ಇತಿಹಾಸ ಓದುವ ಹುಡುಗಿ. ಅವಳ ಟ್ಯಾಬಿನಲ್ಲಿ ರಾಜ್ಯ ಕಟ್ಟುವ ಆಟವೊಂದಿದೆ. ಕ್ರಿಸ್ತನಿಗಿಂತ ನಾಲ್ಕು ಸಾವಿರ ವರ್ಷ ಹಿಂದಿನ ಕಾಲದಲ್ಲಿ ನಿಮಗೊಂದು ಊರು, ಒಬ್ಬ ಸೈನಿಕನನ್ನು ಕೊಟ್ಟು ಕೈಬಿಡುತ್ತಾರೆ. ನೀವು ಅಪ್ಪಣೆ ಕೊಡಬೇಕು. ಆಮೇಲೆ ಮೂಲೆಯ ಬಟನ್ ಒತ್ತಬೇಕು. ಅಲ್ಲಿಗೆ ಒಂದು ಪಾಳಿ ಮುಗಿಯಿತು.

(ನಾನು ಬಲ್ಲದ್ದು ಕಾಲುವೆ ನೀರಿನ ಪಾಳಿ ಮಾತ್ರ. ಇವತ್ತು ಇವನ ಹೊಲಕ್ಕೆ, ನಾಳೆ ಅವನ ಹೊಲಕ್ಕೆ. ಹಾಗಾಗಿ ಆಟ ಬೇಗ ಕೈಗೆ ಹತ್ತಿತು.)

ಸೈನಿಕನನ್ನು ಎದುರಿನ ಗುಡ್ಡಕ್ಕೆ ಕಳಿಸಿದೆ. ಒತ್ತಿದೆ. ಗುಡ್ಡ ಮುಟ್ಟಿದ. ಸ್ಕ್ರೀನಿನ ಮೇಲಿನ ಇಸವಿ ನೋಡಿದರೆ ನಲವತ್ತು ವರ್ಷ ಹೋಗಿಬಿಟ್ಟಿತ್ತು!

“ಅಲ್ಲವ್ವಾ, ಇಷ್ಟ ದೂರ ಹೋಗಾಕ ನಲವತ್ತ ವರ್ಷ? ಕುರಿ ಮೇಸ್ಕೋತ ಹೋದ್ರೂ ಸಂಜೀಕ ಮುಟ್ಟತಾರ.”

“ಹಳೇ ಕಾಲದಾಗ ಏನೂ ಆಗಿರಂಗಿಲ್ಲಜ್ಜಾ, ಅದಕ್ಕ ಲಗೂ ಓಡಸ್ತಾರ. ಮುಂದ ಇಪ್ಪತ್ತ ವರ್ಷ, ಹತ್ತ ವರ್ಷ ಅಂತ ಕಡಿಮಿ ಆಕ್ಕೋಂತ ಬಂದು, ನಮ್ಮ ಕಾಲಕ್ಕ ಒಂದ ಪಾಳಿಗೆ ಒಂದ ವರ್ಷ. ಎಲ್ಲಾನೂ ಒಂದ ಅಳತಿಗೆ ಇಟ್ರ ಆಡಾಕ ಬ್ಯಾಸರ ಬರತೈತಿ.”

“ಮತ್ತ ಅಷ್ಟ ವರ್ಷಕ್ಕ ಈ ಸೈನಿಕ ಸಾಯಂಗಿಲ್ಲನು?”

“ಅವನೂ ಸಾಯಂಗಿಲ್ಲ, ನೀನೂ ಸಾಯಂಗಿಲ್ಲ. ರಾಜಾ ಅಲ್ಲನು ನೀ!”

ಆಹಾ, ಎಂಥ ಮಾತು! ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿ ನೇಗಿಲು ಹಿಡಿದವನಿಗೆ ಇಷ್ಟು ವಯಸ್ಸಾದ ಮೇಲೆ ಸಾವಿಲ್ಲದ ರಾಜ್ಯ ಸಿಕ್ಕಿತ್ತು. ಆದರೂ ಒಂದು ಅನುಮಾನ. ಈ ಅಳತೆ ಉಲ್ಟಾ ಅಲ್ಲವೇ? ಸಣ್ಣವನಿದ್ದಾಗ ಒಂದು ವರ್ಷ ಮುಗಿಯುತ್ತಲೇ ಇರಲಿಲ್ಲ. ಈಗ ರೋಹಿಣಿ ಮಳೆ ಹೋಯಿತು ಅನ್ನುವಷ್ಟರಲ್ಲಿ ಮತ್ತೆ ರೋಹಿಣಿ ಬಂದಿರುತ್ತದೆ. ವಯಸ್ಸಾದಂತೆ ಒಂದು ಪಾಳಿಗೆ ಹೆಚ್ಚು ವರ್ಷ ಓಡುವುದು ನಮಗೆ. ಆಟದವರಿಗೆ ಇದನ್ನು ಯಾರೂ ಹೇಳಿಲ್ಲ ಎಂದು ಕಾಣುತ್ತದೆ.

ಆಟದಲ್ಲಿ ಇನ್ನೊಂದು ಕಟ್ಟಳೆಯಿದೆ. ನಿಮ್ಮವರಲ್ಲಿ ಒಬ್ಬನಿಗೆ ಅಪ್ಪಣೆ ಕೊಡುವುದು ಬಾಕಿಯಿದ್ದರೂ ಪಾಳಿ ಮುಗಿಯುವುದಿಲ್ಲ. ಬಟನ್ ಒತ್ತಿದರೆ ಅವನನ್ನೇ ತಂದು ಕಣ್ಣ ಮುಂದೆ ನಿಲ್ಲಿಸುತ್ತದೆ. ಗುಡ್ಡದ ಮೇಲಿನವನಿಗೆ ಕೆಲಸವಿರಲಿಲ್ಲ. ಪ್ರತಿ ಸಲ ಅವನೇ ಬಂದು ನಿಲ್ಲುತ್ತಿದ್ದ. ನನಗೆ ರೇಗಿತು.

“ಅವನ್ನ ಮಲಗಿಸಿಬಿಡಜ್ಜಾ,” ಅಂದಳು ಪಲ್ಲವಿ. “ನೀನಾಗಿ ಎಬ್ಬಿಸೂ ತನಾ ಮತ್ತ ಕೇಳಂಗಿಲ್ಲ.”

ಮಲಗಿಸಿದೆ. ಎಷ್ಟು ಹಗುರಾಯಿತೆಂದರೆ, ಟಕ್ ಟಕ್ ಎಂದು ಒತ್ತಿದ್ದೇ ಒತ್ತಿದ್ದು. ಶತಮಾನಗಳು ಓಡಿದವು.

ಬಾಜೂ ನನ್ನ ಹೆಂಡತಿ ಗೌರವ್ವ ಕೂತಿದ್ದಳು. ಬಟ್ಟಲ ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿ ಬೆರಳಿನಿಂದ ಹಿಸುಕುತ್ತಿದ್ದಳು. ತಲೆ ಎತ್ತದೆ ನಕ್ಕಳು.

“ಹಂಗಾರ ನನ್ನೂ ಅದ ಗುಡ್ಡದ ಮ್ಯಾಲ ಮಲಗಿಸ್ಯಾರ ಬಿಡವಾ ನಿಮ್ಮಜ್ಜ.”

“ಯಾಕ ಆಯಿ?”

“ರೊಟ್ಟಿ ಗಂಟಲದಾಗ ನಿಂದರತೈತಿ ಅಂದೆ. ನೀರಿನ ಪಾಳಿ ಮುಗೀಲಿ, ದವಾಖಾನಿಗೆ ಹೋಗೂಣು ಅಂದ್ರು. ಎಷ್ಟ ಪಾಳಿ ಮುಗದ್ವು. ಈಗ ಅನ್ನಾನೂ ನಿಂದರಾಕತ್ತೈತಿ.”

ಪಲ್ಲವಿ ನನ್ನ ಮುಖ ನೋಡಿದಳು. ಟ್ಯಾಬ್ ಮುಚ್ಚಿದಳು.

ಓದುಗರೇ, ಗೌರವ್ವ ಹೇಳಿದ್ದು ಖರೆ. ಅವಳು ಮೊದಲ ಸಲ ಹೇಳಿದಾಗ ನಾನು, “ಹಲ್ಲ ಇಲ್ಲದಕ್ಕ ಹಂಗ ಆಗತೈತಿ, ನೆನಸಿ ತಿನ್ನು” ಅಂದಿದ್ದೆ. ಎರಡನೇ ಸಲ, ಪಾಳಿ ಮುಗಿಯಲಿ ಅಂದೆ. ನಮ್ಮ ತುಕ್ಕಾನಟ್ಟಿ ಕಡೆ ಇದು ತಪ್ಪು ಮಾತಲ್ಲ. ಹೆಣ್ಣು ನೋಡುವುದು, ಮಾಳಿಗೆ ರಿಪೇರಿ, ಹಲ್ಲು ಕೀಳಿಸುವುದು, ಎಲ್ಲವೂ ಪಾಳಿ ಮುಗಿದ ಮೇಲೆಯೇ. ‘ಪಾಳಿ ಐತಿ’ ಅಂದರೆ ಬೀಗರೂ ಸಿಟ್ಟಾಗುವುದಿಲ್ಲ. ಆ ಮಾತಿನ ಮರೆಯಲ್ಲಿ ಎಷ್ಟು ಸುಖವಾಗಿ ಅಡಗಿ ಕೂರಬಹುದು, ಗೊತ್ತೇ?

ಮರುದಿನ ಮೂವರೂ ಗೋಕಾಕಿನ ದವಾಖಾನೆಯಲ್ಲಿದ್ದೆವು.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಪೆನ್ನು ಹಿಡಿದು ಕೇಳಿದರು, “ಎಷ್ಟ ದಿನಾ ಆತ್ರಿ ಅಮ್ಮಾ?”

“ಕಬ್ಬ ಕಡದ ಹೋದಾಗಿಂದ್ರಿ. ಆಮ್ಯಾಲ ನಾಕ ಪಾಳಿ ಆದ್ವು.”

“ಪಾಳಿ ಅಂದ್ರ ಎಷ್ಟ್ರಿ? ವಾರಾನೋ, ತಿಂಗಳೋ?”

ಗೌರವ್ವ ನನ್ನ ಕಡೆ ನೋಡಿದಳು. ಲೆಕ್ಕ ನನ್ನದಲ್ಲವೇ? ಬೆರಳು ಮಡಚತೊಡಗಿದೆ. ಪಾಳಿಗೆ ಒಂದು ಅಳತೆ ಎಲ್ಲಿದೆ? ನೀರು ಜಾಸ್ತಿಯಿದ್ದಾಗ ಬೇಗ ಬರುತ್ತದೆ, ಕಡಿಮೆಯಿದ್ದಾಗ ತಡವಾಗಿ. ಬೇಸಿಗೆಯಲ್ಲಿ ಕಾಲುವೆ ಒಣಗಿದರೆ ಆ ತಿಂಗಳುಗಳು ಯಾವ ಪಾಳಿಗೂ ಸೇರುವುದಿಲ್ಲ.

ಅಲ್ಲಿ ನನ್ನ ಬೆರಳು ನಿಂತಿತು.

ಕಾಲುವೆ ಒಣಗಿದ ಆ ತಿಂಗಳುಗಳಲ್ಲಿ ನನಗೆ ನೀರಿನ ಪಾಳಿಯೂ ಇರಲಿಲ್ಲ, ಹೇಳಿಕೊಳ್ಳುವಂಥ ಕೆಲಸವೂ ಇರಲಿಲ್ಲ. ಬೇವಿನ ಕೆಳಗೆ ಕೂತು ಪೇಪರ್ ಓದುತ್ತಿದ್ದೆ. (ಈ ಅಂಕಣಗಳನ್ನೂ ಬರೆಯುತ್ತಿದ್ದೆ. ಮಾವಿನ ಉಪ್ಪಿನಕಾಯಿ ಕುರಿತ ಬರಹವನ್ನು ನೀವು ಬಹಳ ಮೆಚ್ಚಿಕೊಂಡಿದ್ದಿರಿ.) ಒಳಗೆ ಅವಳು ರೊಟ್ಟಿ ನೆನೆಸುತ್ತಿದ್ದಳು.

“ಎಂಟ ತಿಂಗಳ್ರಿ,” ಅಂದೆ.

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. “ಎಂಟ ತಿಂಗಳಾ?” ಅಷ್ಟೇ ಅಂದದ್ದು. ಬೈದಿದ್ದರೆ ಚಲೋ ಇತ್ತು.

ಗಂಟಲಿನಲ್ಲಿ ನಳಿಕೆ ಇಳಿಸಿ ನೋಡಿದರು. ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಏನಿದು ಎಂದು ಕೇಳಿದರೆ, “ರಿಪೋರ್ಟ್ ಬರಲ್ರಿ. ಗುರುವಾರ ಬರ್ರಿ” ಅಂದರು. ಆ ‘ಬರಲ್ರಿ’ಯಲ್ಲಿ ನನಗೆ ನನ್ನದೇ ‘ಮುಗೀಲಿ’ ಕೇಳಿಸಿತು. ಅವರದು ಸಬೂಬಲ್ಲ, ನನ್ನದಾಗಿತ್ತು.

ಬಸ್ ಸ್ಟ್ಯಾಂಡಿನಲ್ಲಿ ಮಿಠಾಯಿ ಅಂಗಡಿ ಕಂಡಿತು. “ಕರದಂಟ ತಗೊಳ್ಳೂಣೇನು? ನಿನಗ ಸೇರತೈತಿ” ಅಂದೆ.

ಗೌರವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. “ನುಂಗಾಕ ಬರವಲ್ದು ಅಂತ ದವಾಖಾನಿಗೆ ಕರಕೊಂಡ ಬಂದು ಕರದಂಟ ಕೊಡಸ್ತೀರಿ? ನೀವ ರಾಜಾ ಆಗಿದ್ದ ಖರೆ ನೋಡ್ರಿ!”

ಪಲ್ಲವಿಯೂ ನಕ್ಕಳು. ನಾನೂ ನಕ್ಕೆ. ಆಮೇಲೆ ಊರಿನ ಬಸ್ ಹತ್ತಿದೆವು.

ಅಂದಿನಿಂದ ನನಗೆ ಭಯ. ಬೆಳಿಗ್ಗೆ ಲಿಂಗಪೂಜೆಗೆ ಕೂತರೂ ಕಿವಿ ಅಡುಗೆಮನೆಯ ಕಡೆಗೇ. ಅವಳು ನೀರು ಕುಡಿಯುವಾಗ ಗಂಟಲನ್ನೇ ನೋಡುತ್ತೇನೆ. ನೋಡಿದ್ದು ಕಂಡರೆ ಗದರುತ್ತಾಳೆ. ‘ಹಳೇ ಕಾಲದಾಗ ಏನೂ ಆಗಿರಂಗಿಲ್ಲ’ ಅಂದಳಲ್ಲ ಪಲ್ಲವಿ? ಆ ನಲವತ್ತು ವರ್ಷಗಳಲ್ಲೂ ಯಾವಳಿಗೋ ತುತ್ತು ಇಳಿಯದೆ ಇದ್ದಿರಬಹುದು. ಬಟನ್ ಒತ್ತಿದವನಿಗೆ ಕಂಡಿರುವುದಿಲ್ಲ, ಅಷ್ಟೇ.

ನಿನ್ನೆ ಬಾಜೂ ಹೊಲದ ಶಿವಪ್ಪ ಬಂದಿದ್ದ. “ಕಾಕಾರ, ಗುರುವಾರ ನಿಮ್ಮ ಪಾಳಿ ಬರತೈತ್ರಿ.”

“ನೀನ ಹಾಯಿಸಿಕೊ,” ಅಂದೆ.

ಬೆಳೆದು ನಿಂತ ಕಬ್ಬಿಗೆ ಬಂದ ನೀರು ಬಿಟ್ಟುಕೊಡುವವನನ್ನು ಅವನು ಕಂಡಿಲ್ಲ. “ಕಾಕಾರ, ಮೈಯಾಗ ಆರಾಮ ಐತಿಲ್ಲೋ?” ಎಂದು ಹಣೆ ಮುಟ್ಟಿಯೇ ನೋಡಿದ.

ಇವತ್ತು ಪಲ್ಲವಿ, ಬೇಜಾರು ಕಳೆಯಲೆಂದು ಟ್ಯಾಬನ್ನು ನನ್ನ ಮುಂದೆ ಇಟ್ಟಳು. ಗುಡ್ಡದ ಮೇಲಿನವನನ್ನು ಹುಡುಕಿ ಎಬ್ಬಿಸಿದೆ. ಸಾವಿರಾರು ವರ್ಷ ಮಲಗಿದ್ದರೂ ಕೂದಲು ಕೊಂಕಿರಲಿಲ್ಲ. ಎದ್ದು ನಿಂತು ಅಪ್ಪಣೆಗೆ ಕಾದ. ಊರಿಗೆ ವಾಪಸ್ ಕರೆದುಕೊಂಡೆ. ಮೂಲೆಯ ಬಟನ್ ‘ಒತ್ತು’ ಎಂದು ಮಿನುಗತೊಡಗಿತು.

ನಾನು ಒತ್ತಿಲ್ಲ. ಅಲ್ಲಿ ಇಸವಿ ನಿಂತಲ್ಲೇ ನಿಂತಿದೆ.

ಗುರುವಾರ ಮಾತ್ರ, ನಾನು ಒತ್ತದಿದ್ದರೂ ಬರುತ್ತದೆ.