ರಾಜಾಮಣಿ ನೋಡಿದ ಹದಿನಾಲ್ಕು ನಕ್ಷತ್ರಗಳು

ರಾಜಾಮಣಿ ಅಹಂಕಾರಿ. ತಪ್ಪು ತನ್ನದೆಂದು ಆಕೆ ಒಪ್ಪಿಕೊಂಡದ್ದನ್ನು ಯಾರೂ ಕೇಳಿರಲಿಲ್ಲ.

ತಿರುಪ್ಪೂರಿನ ಒಂದು ಡೈಯಿಂಗ್ ಘಟಕದಲ್ಲಿ ಇಪ್ಪತ್ತಾರು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ. ಬಣ್ಣ ಹಾಕಿ ಬಂದ ಬನಿಯನ್ ಬಟ್ಟೆಯ ತುಂಡನ್ನು ಗಿರಾಕಿಯ ಮಾದರಿಯ ಪಕ್ಕ ಹಿಡಿದು, ಷೇಡ್ ನಂಬರ್ ಬರೆದು, ಸರಿ ಅಥವಾ ಇಲ್ಲ ಎನ್ನುವುದು. ಒಮ್ಮೆ ಆಕೆ ಇಲ್ಲ ಎಂದ ಬಟ್ಟೆಗಾಗಿ ಸರವಣಕುಮಾರ್ ಎಂಬ ಡೈಯಿಂಗ್ ಮಾಸ್ಟರ್ ಕೆಲಸ ಕಳೆದುಕೊಂಡ. ತಿಂಗಳ ನಂತರ ತಪ್ಪು ಬಣ್ಣದ್ದಲ್ಲ, ಆಕೆ ಬಟ್ಟೆ ನೋಡುತ್ತಿದ್ದ ದೀಪದ್ದೆಂದು ತಿಳಿಯಿತು. ಆಕೆ ದೀಪ ಬದಲಿಸಿಕೊಂಡಳು, ಅಷ್ಟೆ. ಇದನ್ನು ನನಗೆ ಹೇಳಿದವಳೂ ಆಕೆಯೇ, ದೀಪ ಹಾಕಿದವನನ್ನು ಬೈಯುತ್ತ.

ಘಟಕ ಮುಚ್ಚಿದಾಗ ಆಕೆಗೆ ಐವತ್ತೆಂಟು. ಸಕ್ಕರೆ ಕಾಯಿಲೆ ಬಲಗಣ್ಣನ್ನು ಹಾಳುಮಾಡಿತ್ತು. ಎಡಗಣ್ಣೂ ಹೆಚ್ಚು ದಿನ ಉಳಿಯದೆಂದು ವೈದ್ಯರು ಹೇಳಿದ್ದರು. ಆಗಲೇ ಆಕೆಯ ತಮ್ಮನ ಮಗಳು ಜನನಿ ಆಕೆಯನ್ನು ತುಡಿಯಲೂರಿನ ನನ್ನ ಮನೆಗೆ ಕರೆತಂದಳು. ಜನನಿ ನನ್ನ ಮಾರ್ಗದರ್ಶನದಲ್ಲಿ ಪ್ರಬಂಧ ಬರೆಯುತ್ತಿದ್ದಳು. ಒಂದು ನಕ್ಷತ್ರಗುಚ್ಛ ಎಷ್ಟು ದೂರದಲ್ಲಿದೆ ಎಂದು ಅಳೆಯಬೇಕಿತ್ತು. ಅರ್ಧ ದಿನದಲ್ಲಿ ಉಬ್ಬಿ ಕುಗ್ಗುವ ಕೆಲವು ನಕ್ಷತ್ರಗಳು ಅದರಲ್ಲಿವೆ. ಅವುಗಳ ನಿಜವಾದ ಹೊಳಪು ಹೆಚ್ಚುಕಡಿಮೆ ಒಂದೇ. ಆದ್ದರಿಂದ ಎಷ್ಟು ಮಂಕಾಗಿ ಕಾಣುತ್ತವೋ ಅಷ್ಟು ದೂರ. ನಮ್ಮಲ್ಲಿದ್ದದ್ದು ಆ ಗುಚ್ಛದ ಹಳೆಯ ಫೋಟೊ ನೆಗೆಟಿವ್‌ಗಳ ಇನ್ನೂರು ಪ್ರತಿಗಳು. ಅವುಗಳಲ್ಲಿ ನಕ್ಷತ್ರವೆಂದರೆ ಕಪ್ಪು ಚುಕ್ಕೆ. ಹೊಳಪು ಹೆಚ್ಚಿದಷ್ಟೂ ಕಪ್ಪು. ಅಂಚಿನ ಐದನ್ನು ಕಂಪ್ಯೂಟರ್ ಅಳೆಯಿತು. ನಡುವಿನ ದಟ್ಟಣೆಯಲ್ಲಿದ್ದ ಹದಿನಾಲ್ಕು ಅದಕ್ಕೆ ಎಟುಕಲಿಲ್ಲ. ಅವನ್ನು ಹೊಳಪು ಬದಲಾಗದ ನೆರೆಯ ನಕ್ಷತ್ರಗಳೊಡನೆ ಹೋಲಿಸುವ ಕೆಲಸ ರಾಜಾಮಣಿಯದಾಯಿತು.

ಮೂರು ತಿಂಗಳು, ಬೆಳಗಿನ ಹೊತ್ತು ಮಾತ್ರ, ಉತ್ತರದ ಕಿಟಕಿಯ ಬಳಿ ಕುಳಿತು ನೋಡಿದಳು. ಪ್ರಬಂಧದಲ್ಲಿ ಹೆಸರು ಬರುತ್ತದೆ ಎಂದಾಗ, ಅಚ್ಚಿನಲ್ಲೇ ಬರುತ್ತದೆಯೇ ಎಂದು ಎರಡು ಸಲ ಕೇಳಿದಳು. ಆ ಕಣ್ಣಿನ ಕೆಲಸಕ್ಕೆ ಬೇರೆ ದಾಖಲೆ ಎಲ್ಲೂ ಇರಲಿಲ್ಲ.

ಅಂಚಿನ ನಕ್ಷತ್ರಗಳ ಪ್ರಕಾರ ಗುಚ್ಛದ ದೂರ ಮೂವತ್ತಮೂರು ಸಾವಿರ ಜ್ಯೋತಿರ್ವರ್ಷ. ರಾಜಾಮಣಿಯ ನಕ್ಷತ್ರಗಳ ಪ್ರಕಾರ ಮೂವತ್ತಾರು ಸಾವಿರ.

"ಅತ್ತೆ, ನೀ ನೋಡಿದ್ದೆಲ್ಲಾ ಮಂಕಾಗೇ ಬಂದದೆ," ಎಂದಳು ಜನನಿ.

"ನಿನ್ನ ಮಿಷಿನ್‌ಗೆ ಕನ್ನಡಕ ಹಾಕ್ಸು."

"ಅದಲ್ಲ ಅತ್ತೆ, ನಿನ್ನ ಕಣ್ಣು..."

"ಈ ಕಣ್ಣು ದುಡಿದು ಹಾಕಿದ ಸೋರು ತಿಂದೇ ನಿಮ್ಮಪ್ಪ ಓದಿದ್ದು. ಸುಮ್ನಿರು."

ಹಾಗೆಂದು ತಿರುಪ್ಪೂರಿನ ಬಸ್ಸು ಹತ್ತಿ ಹೋದ ರಾಜಾಮಣಿ ಹತ್ತು ದಿನ ಬರಲಿಲ್ಲ. ಪ್ರಬಂಧ ಸೋಮವಾರ ಕೊಡಬೇಕಿತ್ತು. ಶನಿವಾರ ಬೆಳಗ್ಗೆ ಕರೆಯದೆಯೇ ಬಂದು, ಕಾಫಿ ಮುಟ್ಟದೆ, ತಾನು ಅಂಕಿ ಬರೆದ ಪುಸ್ತಕ ತೆರೆದು ಕುಳಿತಳು.

"ಟೀಚರಮ್ಮ, ಬಣ್ಣದ ಬಟ್ಟೆ ತೊಳೆದ್ರೆ ಒಂದು ಪಾಲು ಇಳೀತದೆ. ಎರಡು ಷೇಡ್ ನಡುವೆ ಸಂದೇಹ ಬಂದ್ರೆ ನಾವು ತಿಳಿ ಷೇಡ್ ನಂಬರೇ ಬರೀತೀವಿ. ಅದೇ ಪಳಕ್ಕ, ಕೈಗೆ ಅದೇ ರೂಢಿ ಆಗಿಹೋಗದೆ. ಇಲ್ಲೂ ಅಂಗೇ, ಕಪ್ಪು ಕಮ್ಮಿ ಅಂತಲೇ ಬರ್ದಿದೀನಿ." ಪುಸ್ತಕದ ಮೇಲೆ ಕೈಯಿಟ್ಟು, "ನಕ್ಷತ್ರಾನ ಯಾರು ತೊಳೀತಾರೆ?" ಎಂದಳು.

ಜನನಿಯ ಮುಖ ಅರಳಿತು. "ಅಷ್ಟೇನಾ ಅತ್ತೆ? ಎಲ್ಲಾ ಅಂಕೀನೂ ಒಂದೇ ಲೆಕ್ಕಕ್ಕೆ ಏರ್ಸಿಬಿಡ್ತೀನಿ. ಸರಿಯಾಗಿ ಬಂದ್ಬಿಡ್ತದೆ."

"ಎಲ್ಲಾದಕ್ಕೂ ಸಂದೇಹ ಬಂದಿರ್ಲಿಲ್ಲ. ಯಾವುದಕ್ಕೆ ಬಂತು ಅಂತ ಗ್ಯಾಪಕ ಇಲ್ಲ."

"ಅಂಗಾದ್ರೆ ಇನ್ನೊಂದು ಸಲ ನೋಡು."

"ಯಾವ ಕಣ್ಣಾಗೆ ನೋಡ್ಲಿ?"

ಜನನಿ ನನ್ನತ್ತ ನೋಡಿದಳು. ಏರಿಸಿದರೆ ಅದು ಅಳತೆಯಲ್ಲ, ಕಂಪ್ಯೂಟರಿನ ಉತ್ತರಕ್ಕೆ ಹೊಂದಿಸಿದ ಅಂಕಿ ಎಂದೆ.

ರಾಜಾಮಣಿ ಮೇಜಿನ ಮೇಲಿದ್ದ ಸ್ಕೇಲ್, ಪೆನ್ನು ತೆಗೆದುಕೊಂಡಳು. ಪುಸ್ತಕವನ್ನು ಮುಖದ ಹತ್ತಿರ ತಂದು, ಎಡಗಣ್ಣಿನಿಂದ ಸಾಲು ಹುಡುಕಿ, ಹದಿನಾಲ್ಕು ನಕ್ಷತ್ರಗಳ ಅಂಕಿಗಳನ್ನೂ ಒಂದೊಂದಾಗಿ ಹೊಡೆದುಹಾಕಿದಳು. ಆಮೇಲೆ ಪ್ರಬಂಧದ ಮೊದಲ ಪುಟ ಕೇಳಿ ತೆಗೆದುಕೊಂಡಳು. ತನ್ನ ಹೆಸರಿನ ಮೇಲೆ ಬೆರಳಿಡಲು ಜನನಿಗೆ ಹೇಳಿ, ಆ ಬೆರಳು ಸರಿದ ಜಾಗದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದಳು.