ಬೆನ್ನ ಹಿಂದೆ ಕಟ್ಟಿದ ಕೈ

ನಡೆಯುವಾಗ ಅವರ ಎರಡೂ ಕೈ ಬೆನ್ನ ಹಿಂದೆ ಇರುತ್ತಿದ್ದವು. ಎಣ್ಣೆ ಹತ್ತಿದ ಬೆರಳುಗಳಲ್ಲಿ ಹಳೆಯ ಬನಿಯನ್ನಿನ ತುಂಡೊಂದು ಜೋತಾಡುತ್ತಿತ್ತು. ರಾಣೆಬೆನ್ನೂರಿನಲ್ಲಿ ಸ್ಕೂಟರ್ ರಿಪೇರಿ ಮಾಡುತ್ತಿದ್ದ ಅವರು ಊರಿಗೆಲ್ಲ ಮಿಸ್ತ್ರಿ, ನನಗೆ ಚಾಚಾ.

ನನ್ನ ಕಾಲುಗಳು ಚಿಕ್ಕಂದಿನಲ್ಲೇ ಸೋತವು. ಹಿಂದೆ ಎರಡು ಗಾಲಿ ಹೆಚ್ಚಿಗೆ ಹಾಕಿಸಿದ ಸ್ಕೂಟರಿನಲ್ಲಿ ಕುಪ್ಪೇಲೂರಿನ ಶಾಲೆಗೆ ಪಾಠ ಹೇಳಲು ಹೋಗುತ್ತೇನೆ. ಮೊದಮೊದಲು ಆ ಹೊಸ ಗಾಡಿ ಶಾಲೆಯ ಮುಂದಿನ ಏರಿನಲ್ಲಿ ದಿನಾ ನಿಲ್ಲುತ್ತಿತ್ತು. ಯಾರಾದರೂ ಓಡಿಬಂದು ತಳ್ಳುವರು. ಒಳ್ಳೆಯ ಮನಸ್ಸಿನವರೇ, ಆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ವಿದ್ಯಾರ್ಥಿಗಳೆದುರು ಸಾಮಾನಿನ ಹಾಗೆ ತಳ್ಳಿಸಿಕೊಂಡು ಸಾಕಾಗಿ, ವರ್ಗಾವಣೆಗೆ ಅರ್ಜಿ ಬರೆದಿಟ್ಟಿದ್ದೆ.

"ಪೆಟ್ರೋಲ್ ಎಷ್ಟ ಬಿಡಬೇಕಂತ ಗಾಡ್ಯಾಗಿನ ಕಂಪ್ಯೂಟರ್ ನೋಡ್ಕೊಂತೈತ್ರಿ ಅಕ್ಕಾರ. ಗಾಳಿ ಬರೂ ದಾರಿ ನಾವು ನೋಡೂಣು," ಎಂದರು ಚಾಚಾ, ಗಾಡಿ ಒಯ್ದು ತೋರಿಸಿದಾಗ. ಇಂಜಿನ್ನು ಗಾಳಿ ಎಳೆಯುವ ಕೊಳವೆ ಉದ್ದವಿದ್ದರೆ ನಿಧಾನ ಓಟದಲ್ಲೂ ಜಗ್ಗುತ್ತದಂತೆ, ಗಿಡ್ಡವಿದ್ದರೆ ಜೋರು ಓಟಕ್ಕೆ ಒಗ್ಗುತ್ತದಂತೆ. ತೀರಾ ಉದ್ದವಾದರೆ ಉಸಿರೇ ಕಟ್ಟುತ್ತದೆ. ಉದ್ದನೆಯ ಕೊಳವೆ ಹಾಕಿ, ತಾವೇ ಏರು ಹತ್ತಿ ನೋಡುತ್ತ, ಎರಡೆರಡು ಬೆರಳಿನಷ್ಟು ಕೊಯ್ದರು. ಅವರು ಕೂತಾಗ ಗಾಡಿ ಕುದುರೆಯಂತೆ ಓಡಿತು. ನಾನು ಕೂತೆ, ನಡುವೆಯೇ ನಿಂತಿತು.

ನನಗೆ ಅಳು ಬಂತು. ಚಾಚಾ ತಲೆ ಕೆರೆದುಕೊಂಡರು.

"ತಪ್ಪು ನಂದರಿ. ನನ್ನಂಥಾ ಕಡ್ಡಿ ಮನಷ್ಯಾ ಕುಂತ ನೋಡಿದ್ರ ಏನ್ ತಿಳೀತೈತಿ? ನೀವು, ನಿಮ್ಮ ಊರುಗೋಲು, ಪುಸ್ತಕದ ಚೀಲ, ಎಲ್ಲಾ ಕೂಡೇ ಹತ್ತಬೇಕಲ್ಲ."

ಮರುವಾರ ಹೊಸ ಕೊಳವೆ ತಂದರು. ಈ ಸಲ ಓಡಿಸಿದ್ದು ನಾನು. ಅವರು ಹಿಂದೆ ನಡೆದುಬಂದರು. ಗಾಡಿ ನಿಂತಿತು, ಕೊಯ್ದರು. ಮತ್ತೆ ನಿಂತಿತು, ಮತ್ತೆ ಕೊಯ್ದರು. ಹೊಲಕ್ಕೆ ಹೊರಟಿದ್ದ ಇಬ್ಬರು ತಳ್ಳಲು ಬಂದಾಗ ಗದರಿದರು: "ಕೈ ಹಚ್ಚಬ್ಯಾಡ್ರಿ!" ಗಾಡಿ ಏರುತ್ತಿರುವಾಗ ತಮ್ಮ ಕೈಯನ್ನಂತೂ ಬೆನ್ನ ಹಿಂದಿನಿಂದ ತೆಗೆಯಲೇ ಇಲ್ಲ. ಐದನೆಯ ಸಲ ಗಾಡಿ ಶಾಲೆಯ ಗೇಟು ಮುಟ್ಟಿತು.

"ಇಲ್ಲಿಗೆ ಸಾಕ್ರಿ. ಇನ್ನ ಕೊಯ್ಯೂದಿಲ್ಲ," ಎಂದರು. ಚೀಲದಲ್ಲಿದ್ದ ಅರ್ಜಿಯನ್ನು ನಾನು ಅಲ್ಲೇ ಹರಿದೆ. ಇಂದಿಗೂ ಅದೇ ಶಾಲೆಯಲ್ಲಿದ್ದೇನೆ, ಅದು ಅವರು ಕೊಟ್ಟದ್ದು.

ಹೋದ ವರ್ಷ ಚಾಚಾ ತೀರಿಕೊಂಡರು. ಅವರ ಮನೆಯ ಓಣಿ ಇನ್ನೂ ಕಡಿದಾದ ಏರು. ಹಬ್ಬಕ್ಕೆ ಎಷ್ಟು ಸಲ ಕರೆದರೂ ಅಂಜಿ ಹೋಗಿರಲಿಲ್ಲ. ಅಂದು ಹೋದೆ. ಗಾಡಿ ದಪ್ಪ ದನಿಯಲ್ಲಿ ಮೆಲ್ಲಗೆ ಜಗ್ಗುತ್ತಿತ್ತು. ಬಾಗಿಲಲ್ಲಿದ್ದವರು ನನ್ನನ್ನು ನೋಡಿ ತಳ್ಳಲು ಓಡಿಬಂದರು. ಒಳಗಿನಿಂದ ಚಾಚಾ ಅವರ ಹೆಂಡತಿ ಅಳುತ್ತಲೇ ಕೂಗಿದರು:

"ಯಾರೂ ಕೈ ಹಚ್ಚಬ್ಯಾಡ್ರಿ. ಅಕ್ಕಾರು ತಾವ ಬರ್ತಾರ."